ಡಾಮಿನೋ ಮೀನಿನ ಹಣೆಯ ಚುಕ್ಕೆ ಮಾಯ, ಜೊತೆಗೆ ಜಗಳ: ರೋಗವಾ?

ಉಪ್ಪುನೀರು_ಸಾಗರ:
ನಮ್ಮೂರಿಗೆ ಹೆಸರಷ್ಟೇ ಸಾಗರ, ಉಪ್ಪುನೀರು ಬೇಕಂದ್ರೆ ನಾನೇ ಕದಡಿಕೊಳ್ಳಬೇಕು. 4 ಅಡಿ ಟ್ಯಾಂಕ್. ಎರಡು ವರ್ಷದ ಹಿಂದೆ ಹೆಬ್ಬೆರಳ ಉಗುರಿನಷ್ಟಿದ್ದ ಮೂರು ಡಾಮಿನೋ ಡ್ಯಾಮ್ಸೆಲ್ (ಕಪ್ಪು ಮೈ, ಬಿಳಿ ಚುಕ್ಕೆಯ ಪುಟ್ಟ ಕಡಲ ಮೀನು) ತಂದೆ. ಅನಿಮೋನ್ ಅನ್ನೋ ಹೂವಿನಂಥ ಕಡಲ ಜೀವಿಯ ಎಳೆಗಳ ನಡುವೆ ಒಟ್ಟಿಗೇ ಇರುತ್ತಿದ್ದವು. ಈಗ ದೊಡ್ಡದರ ಹಣೆಯ ಬಿಳಿ ಚುಕ್ಕೆ ಹೋಗಿದೆ, ಕಪ್ಪು ಮೈ ಬೂದಿ ಬಣ್ಣಕ್ಕೆ ತಿರುಗಿದೆ. ಉಳಿದೆರಡನ್ನು ಫಿಲ್ಟರ್ ಪೈಪಿನ ಹಿಂದೆ ಅಟ್ಟಿದೆ, ಒಂದರ ಬಾಲ ಹರಿದಿದೆ. ಗಾಜು ಒರೆಸಲು ಕೈ ಹಾಕಿದರೆ ನನಗೂ ಕಚ್ಚುತ್ತದೆ! ಉಪ್ಪುನೀರಿನ ಸಾಂದ್ರತೆ 1.025, ಅಮೋನಿಯಾ ಸೊನ್ನೆ, ಅಂದರೆ ನೀರು ಸರಿಯಾಗೇ ಇದೆ.

ತುಂಗಾತೀರ:
ರೋಗ ಅಲ್ಲ, ವಯಸ್ಸು. ಡಾಮಿನೋ ಮರಿಗಳಿಗೆ ಅನಿಮೋನ್ ಆಸರೆ. ಬೆಳೆದ ಮೇಲೆ ಬಂಡೆ ಹಿಡಿಯುತ್ತವೆ, ಹಣೆಯ ಚುಕ್ಕೆ ಅಳಿಯುತ್ತದೆ, ಮೈಯ ಎರಡೂ ಪಕ್ಕದ ಚುಕ್ಕೆಯೂ ಮಂಕಾಗುತ್ತದೆ. 14 ಸೆಂ.ಮೀ. ತನಕ ಬೆಳೆಯಬಲ್ಲದು. ಅಂಗಡಿಯಲ್ಲಿ ಮುದ್ದಾಗಿ ಕಂಡಿದ್ದು ಇದೇನಾ ಅನಿಸುತ್ತೆ, ಅಲ್ವಾ?
ಊಟ ಎಲ್ಲಿ ಹಾಕ್ತೀರಿ?

ಉಪ್ಪುನೀರು_ಸಾಗರ:
ಸಂಜೆ ಒಂದೇ ಸಲ, ನೀರು ಹರಿಸುವ ಪಂಪಿನ ಮುಂದೆ.

ತುಂಗಾತೀರ:
ಅಲ್ಲೇ ಎಡವಟ್ಟು. ಇದರ ದಾಯಾದಿ ಹಂಬಗ್ ಡ್ಯಾಮ್ಸೆಲ್ ನೋಡಿ. ಗುಂಪಿನ ದೊಡ್ಡವು ಹವಳದಿಂದ ದೂರ, ಹರಿವಿಗೆ ಎದುರಾಗಿ ನಿಂತು ತೇಲಿಬರುವ ಸಣ್ಣ ಜೀವಿಗಳನ್ನು ಮೊದಲು ಹಿಡಿಯುತ್ತವೆ. ಚಿಕ್ಕವು ಹವಳಕ್ಕೆ ಅಂಟಿಕೊಂಡೇ ಮಿಕ್ಕಿದ್ದು ತಿನ್ನುತ್ತವೆ. ನಮ್ಮ ಭದ್ರಾ ನಾಲೆಯ ಕಥೆಯೇ, ಮೇಲಿನ ಗದ್ದೆ ತುಂಬಿದ ಮೇಲೆ ಕೊನೆಯವನಿಗೆ ನೀರು. ನಿಮ್ಮ ಪಂಪಿನ ಮುಂದೆ ದೊಡ್ಡದೇ ಯಜಮಾನ. ತಿಂದಷ್ಟೂ ಬೆಳೆಯಿತು, ಬೆಳೆದಷ್ಟೂ ಓಡಿಸಿತು.
ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪ, ಎರಡೂ ತುದಿಗೆ ಹಾಕಿ. ಪಾಚಿ ಸೇರಿದ ಆಹಾರವೂ ಇರಲಿ. ದೊಡ್ಡದನ್ನು ಒಂದು ವಾರ ಜಾಲರಿ ಪೆಟ್ಟಿಗೆಯಲ್ಲಿಟ್ಟು ಬಂಡೆಗಳ ಜಾಗ ಬದಲಿಸಿ, ಹಳೇ ಗಡಿ ಮರೆಯಲಿ. ಆದರೂ ಇದು ಸುಮ್ನೆ ದಿನ ತಳ್ಳುವ ಉಪಾಯ. ಮೂರು ದೊಡ್ಡ ಡಾಮಿನೋಗೆ 4 ಅಡಿ ಸಾಲದು, ಒಂದನ್ನು ಕೊಟ್ಟುಬಿಡಿ.

ಉಪ್ಪುನೀರು_ಸಾಗರ:
ಹಿಡಿಯಲು ಒಂದೂವರೆ ಗಂಟೆ ಬೇಕಾಯಿತು, ಅರ್ಧ ಬಂಡೆ ಬಕೆಟ್‌ಗೆ ಹೋಯಿತು. ಇವತ್ತು ಬಾಲ ಹರಿದದ್ದು ಪೈಪಿನಿಂದ ಹೊರಗೆ ಬಂದು ತಿಂದಿತು. ದೊಡ್ಡದು ಪೆಟ್ಟಿಗೆಯೊಳಗಿಂದಲೇ ಅದಕ್ಕೆ ಗುದ್ದುತ್ತಿದೆ. ಶಿವಮೊಗ್ಗ ಕಡೆ 6 ಅಡಿ ಟ್ಯಾಂಕ್ ಇರುವವರು ಯಾರಾದರೂ ಒಯ್ಯುತ್ತೀರಾ? ಕಚ್ಚುತ್ತದೆ ಅಂತ ಮೊದಲೇ ಹೇಳಿದ್ದೇನೆ.