ಡಿಸ್ಕಿಗೆ ಹಿಡಿಯುವುದು ತುಕ್ಕೋ, ಕಿಲುಬೋ?

ಗೆಳೆಯರೇ, ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

1980ರ ಸುಮಾರಿಗೆ ಅಮೆರಿಕದ ಜನರಲ್ ಮೋಟಾರ್ಸ್ ತನ್ನ ಡೀಲರುಗಳಿಗಾಗಿ ಸಾವಿರಾರು ಲೇಸರ್‌ಡಿಸ್ಕ್ ಪ್ಲೇಯರ್ ಕೊಂಡಿತ್ತು. ಗಿರಾಕಿಗಳಿಗೆ ಕಾರು ತೋರಿಸಲು, ಕೆಲಸದವರಿಗೆ ತರಬೇತಿ ಕೊಡಲು. ಲೇಸರ್ ಕಿರಣದಿಂದ ಓದುವ, ವಿಡಿಯೊ ತುಂಬಿದ, 30 ಸೆಂ.ಮೀ. ಅಗಲದ ಡಿಸ್ಕುಗಳವು. ಈಗ ಹವ್ಯಾಸಿಗಳು ಅಂಥವನ್ನು ಹುಡುಕಿ ಹುಡುಕಿ ಕಂಪ್ಯೂಟರಿಗೆ ಇಳಿಸಿಡುತ್ತಿದ್ದಾರೆ. ಅದರ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಲೇಸರ್ ರಾಟ್’ ಅನ್ನುವ ಮಾತು ಅಡ್ಡ ಬಂತು. ಇಂಥ ಡಿಸ್ಕು ಒಳಗಿಂದಲೇ ಕೆಡುವುದಕ್ಕೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ.

‘ಲೇಸರ್ ಕೊಳೆ’ ಅಂತ ಬರೆದೆ, ಅಳಿಸಿದೆ. ಲೇಸರ್ ಏನನ್ನೂ ಕೊಳೆಸುವುದಿಲ್ಲ, ಓದುವುದಷ್ಟೇ ಅದರ ಕೆಲಸ. ಈ ಡಿಸ್ಕಿನಲ್ಲಿ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿರುತ್ತಾರೆ. ಒಳಗೆ ಅಲ್ಯೂಮಿನಿಯಂನ ತೆಳು ಲೇಪ. ಅಂಟು ಕೆಟ್ಟದಾಗಿದ್ದರೆ ಕಾಲ ಕಳೆದಂತೆ ಲೇಪ ಹಾಳಾಗುತ್ತದೆ. ನಾನು ನೋಡಿದ ಒಂದರಲ್ಲಿ ಕಾರ್ಬ್ಯುರೇಟರ್ ಬಿಚ್ಚುತ್ತಿರುವ ಎರಡು ಕೈ ಇದ್ದವು. ಯಾವ ಸ್ಕ್ರೂ ಬಿಚ್ಚುತ್ತಿದ್ದಾನೆ ಅಂತ ಕಾಣದಷ್ಟು ಚುಕ್ಕೆ, ಮಳೆಹುಳು ಮುತ್ತಿದ ಹಾಗೆ.

ಲೋಹ ಕೆಟ್ಟರೆ ನಮ್ಮಲ್ಲಿ ಪದ ಇದೆ, ಅಲ್ವಾ? ಕಬ್ಬಿಣಕ್ಕೆ ತುಕ್ಕು. ತಾಮ್ರ, ಹಿತ್ತಾಳೆಗೆ ಕಿಲುಬು. ಅಲ್ಯೂಮಿನಿಯಂ ತಡವಾಗಿ ಬಂದದ್ದು, ಪಾಪ, ಅದರ ಪಾಲಿಗೆ ಏನೂ ಉಳಿದಿಲ್ಲ. ‘ತುಕ್ಕು’ ಅಂದರೆ ಕೆಂಪು ಪುಡಿ ಕಣ್ಣಿಗೆ ಬರುತ್ತದೆ. ‘ಕಿಲುಬು’ ನನಗೆ ಜಾಸ್ತಿ ಹಿಡಿಸಿತ್ತು, ಆದರೆ ಕಿಲುಬು ತಿಕ್ಕಿದರೆ ಹೋಗುತ್ತದೆ. ಇದು ಪ್ಲಾಸ್ಟಿಕ್ಕಿನ ಒಳಗಿರುವುದು, ಕೈಗೇ ಸಿಗುವುದಿಲ್ಲ. ನನ್ನ ಪದ ನಂಬಿ ಯಾರಾದರೂ ಡಿಸ್ಕ್ ತಿಕ್ಕಲು ಕೂತರೆ ಕಷ್ಟ! ನಾಚಿಕೆಗೇಡು, ಮಾನಗೇಡು ಇದ್ದ ಹಾಗೆ ‘ಲೇಪಗೇಡು’ ಅನ್ನಬಹುದೇ? ಸ್ವಲ್ಪ ಬೈದ ಹಾಗೆ ಕೇಳಿಸುತ್ತದೆ, ನಿಜ. ಅರ್ಥ ಮಾತ್ರ ಸರಿಯಾಗಿ ಕೂರುತ್ತದೆ.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ. ಪ್ಲೇಯರ್ ಚಿತ್ರ ಮಾಡಿಕೊಡುವ ತನಕ ಕಾಯದೆ, ಲೇಸರ್ ಓದಿದ ಸಿಗ್ನಲನ್ನೇ ನೇರವಾಗಿ ಹಿಡಿದಿಡುವ ವಿಧಾನ ಇದೆ. ‘ಡೋಮ್ಸ್‌ಡೇ ಡೂಪ್ಲಿಕೇಟರ್’ ಅನ್ನುವ ಸಲಕರಣೆ ಅದಕ್ಕೆಂದೇ ಇರುವುದು. ಹಾಗೆ ಹಿಡಿದಿಟ್ಟರೆ ಅನುಕೂಲ ಏನೆಂದರೆ, ಒಂದೇ ಡಿಸ್ಕಿನ ಮೂರು ನಾಲ್ಕು ಪ್ರತಿ ಸಿಕ್ಕರೆ ಒಂದರಲ್ಲಿ ಹೋದದ್ದನ್ನು ಇನ್ನೊಂದರಿಂದ ತುಂಬಬಹುದು. ಎಲ್ಲವೂ ಒಂದೇ ಜಾಗದಲ್ಲಿ ಕೆಟ್ಟಿರುವುದಿಲ್ಲವಲ್ಲ. ಇದಕ್ಕೆ ‘ತೇಪೆ ಹಾಕುವುದು’ ಅಂತ ಬರೆದಿದ್ದೇನೆ. ಆದರೆ ತೇಪೆ ಅಂದರೆ ಹೇಗೋ ಸುಧಾರಿಸಿದ್ದು ಅನ್ನುವ ಧ್ವನಿಯೂ ಬರುತ್ತದೆ. ಇಲ್ಲಿ ಹಾಕುವ ತುಂಡು ಅದೇ ಬಟ್ಟೆಯದು, ಅದೇ ಜಾಗದ್ದು. ನೇಯ್ಗೆಯವರ ಹತ್ತಿರ ಇದಕ್ಕೆ ಬೇರೆ ಮಾತು ಇದ್ದರೆ ತಿಳಿಸಿ.