3 ಟೀಚರ್, 35 ಮಕ್ಕಳು: ಸಂಡೇ ಸ್ಕೂಲ್ ಹೇಗೆ ನಡೆಸುವುದು?

ಕನ್ನಡ_ಸಭೆ:
ಎಲ್ಲರಿಗೂ ವಂದನೆ. ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಸುಮಾರು 70 ಕುಟುಂಬ. ಸಂಡೇ ಸ್ಕೂಲಿಗೆ (ಭಾನುವಾರದ ಮಕ್ಕಳ ಬೈಬಲ್ ಕ್ಲಾಸ್) 4ರಿಂದ 15 ವರ್ಷದ 35 ಮಕ್ಕಳು, ಟೀಚರ್‌ಗಳು ಮೂವರೇ. ಆರಾಧನೆ ಮುಗಿದ ಮೇಲೆ ಒಂದೇ ಹಾಲ್‌ನಲ್ಲಿ ಎಲ್ಲರಿಗೂ ಒಂದೇ ಕಥೆ. ಚಿಕ್ಕವರು ಅಳುತ್ತಾರೆ, ದೊಡ್ಡವರು ಮೊಬೈಲ್ ತೆಗೆಯುತ್ತಾರೆ. ಬುಧವಾರದ ಬೈಬಲ್ ಸ್ಟಡಿಗೆ 8 ಜನ ಹಿರಿಯರು ಬಿಟ್ಟರೆ ಯಾರೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಚಿಕ್ಕವರ_ಕ್ಲಾಸ್:
ಮೊದಲು ಸಮಯ ಬದಲಿಸಿ ಬ್ರದರ್. ಆರಾಧನೆ ಮುಗಿದ ಮೇಲೆ ಮಕ್ಕಳಿಗೆ ಹಸಿವು, ತಾಯಂದಿರಿಗೆ ಮನೆಗೆ ಹೋಗುವ ಅವಸರ. ಬೈಬಲ್ ವಾಚನ ಮುಗಿಯುವ ತನಕ ಮಕ್ಕಳು ಮನೆಯವರ ಜೊತೆ ಕೂರಲಿ, ಪ್ರಸಂಗಕ್ಕೆ (ಪಾದ್ರಿಯ ಬೋಧನೆಗೆ) ಮುಂಚೆ ಎದ್ದು ಹೋಗಲಿ, ಆಶೀರ್ವಾದಕ್ಕೆ ವಾಪಸ್ ಬರಲಿ. ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ಇರುವ ಭಾನುವಾರ ಆರಾಧನೆ ಉದ್ದ. ಅವತ್ತಿಗೆ 20 ನಿಮಿಷದ ಕೈಕೆಲಸ ಹೆಚ್ಚಿಗೆ ಇಟ್ಟುಕೊಳ್ಳಿ.

ಗುಂಪು ಮೂರು ಸಾಕು: 4–6, 7–10, 11–15. ಪ್ರತಿ ಗುಂಪಿಗೂ ಟೀಚರ್ ಜೊತೆ ಸ್ತ್ರೀ ಸಮಾಜದಿಂದಲೋ ಯೂತ್‌ನಿಂದಲೋ ಇನ್ನೊಬ್ಬ ದೊಡ್ಡವರು ಬೇಕೇ ಬೇಕು. ಒಬ್ಬರೇ ಮಕ್ಕಳ ಜೊತೆ ಇರಕೂಡದು, ಬಾಗಿಲು ತೆರೆದೇ ಇರಲಿ.

ಚಿಕ್ಕವರಿಗೆ ಕಥೆ 7 ನಿಮಿಷ ದಾಟಬಾರದು. ಉದಾಹರಣೆಗೆ ಲೂಕ 15:8–10: ಹತ್ತು ನಾಣ್ಯದಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ ಹುಡುಕಿ, ಸಿಕ್ಕಾಗ ನೆರೆಮನೆಯವರನ್ನು ಕರೆದು ಸಂತೋಷಪಡುವ ಕಥೆ. ಬಟ್ಟಲಲ್ಲಿ ಒಂದು ರೂಪಾಯಿಯ ಹತ್ತು ನಾಣ್ಯ ಹಾಕಿ ಎಣಿಸಿ, ಒಂದನ್ನು ಚಾಪೆ ಕೆಳಗೆ ಸರಿಸಿ, ಲೈಟ್ ಆರಿಸಿ. ಮಕ್ಕಳ ಕೈಗೆ ಟಾರ್ಚ್, ಸಣ್ಣ ಪೊರಕೆ. ಸಿಕ್ಕಿದ ಕೂಡಲೇ ಎಲ್ಲರೂ ಚಪ್ಪಾಳೆ, ಯಾಕೆಂದರೆ ಕಥೆಯ ತಿರುಳೇ ಹುಡುಕಿದವಳ ಸಂತೋಷ. ಇಲ್ಲಿ ಆಗುವ ತಪ್ಪು ಎರಡು: ನಾಣ್ಯವನ್ನು ಸಿಕ್ಕಿದವರಿಗೇ ಕೊಟ್ಟುಬಿಡುವುದು (ಮಿಕ್ಕವರು ಅಳುತ್ತಾರೆ, ಕಥೆ ಅಲ್ಲಿಗೆ ಮುಗಿಯಿತು), ಕೊನೆಗೆ ‘ನೀತಿ ಏನು?’ ಅಂತ ಕೇಳುವುದು. ಐದು ವರ್ಷದ ಮಗುವಿಗೆ ‘ಆ ಅಮ್ಮ ಯಾಕೆ ನೆರೆಮನೆಯವರನ್ನು ಕರೆದಳು?’ ಅಂತ ಕೇಳಿ, ಸಾಕು.

ಕಂಠಪಾಠ:
ಒಂದು ಸೇರಿಸುತ್ತೇನೆ. ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ತಡವರಿಸುತ್ತಾರೆ. ಓದಿಸಿ ಅವಮಾನ ಮಾಡಬೇಡಿ. ವಾಕ್ಯವನ್ನು ಚಾರ್ಟ್ ಮೇಲೆ ಎರಡಂಗುಲದ ಅಕ್ಷರದಲ್ಲಿ ಬರೆದು, ಒಟ್ಟಿಗೆ ಹೇಳಿಸಿ, ಪ್ರತಿ ಸಲ ಒಂದು ಪದ ಮುಚ್ಚುತ್ತಾ ಹೋಗಿ. ಬೈಬಲಿನ 23ನೇ ಕೀರ್ತನೆಯಲ್ಲಿ ಆರೇ ವಚನ. ವಾರಕ್ಕೊಂದು ಅಂದರೆ ಆರು ವಾರ. ಆದರೆ ‘ಕೊರತೆಪಡೆನು’ (ನನಗೆ ಏನೂ ಕಡಿಮೆಯಾಗದು) ಎಂದರೇನು ಅಂತ ಮೊದಲೇ ಬಿಡಿಸಿ ಹೇಳದಿದ್ದರೆ ಬರೀ ಗಿಳಿಪಾಠ. ಸಭೆಗೆಲ್ಲ ಒಂದೇ ಅನುವಾದ ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ಅಜ್ಜಿ ಹಳೆಯ ಸತ್ಯವೇದ (ಕನ್ನಡ ಬೈಬಲ್) ನೋಡಿ ಒಂದು ಹೇಳಿಸಿ, ಇಲ್ಲಿ ಟೀಚರ್ ಇನ್ನೊಂದು ಹೇಳಿಸಿದರೆ ಮಗು ಎರಡನ್ನೂ ಬಿಡುತ್ತದೆ.

ಬುಧವಾರ_7ಗಂಟೆ:
ದೊಡ್ಡವರ ಸ್ಟಡಿ ಸೊರಗುವುದಕ್ಕೆ ಸಾಮಾನ್ಯ ಕಾರಣ, ಅದು ಇನ್ನೊಂದು ಪ್ರಸಂಗ ಆಗಿಬಿಡುವುದು. ಕುರ್ಚಿ ವೃತ್ತಾಕಾರ ಹಾಕಿ, ಅಯ್ಯನವರೂ (ಪಾದ್ರಿ) ಅದರಲ್ಲೇ ಒಬ್ಬರಾಗಲಿ, ಕೊನೆಯ 5 ನಿಮಿಷಕ್ಕೆ ಮುಂಚೆ ಉತ್ತರ ಕೊಡದಿರಲಿ (ಇದೇ ಕಷ್ಟದ ಭಾಗ!). ಕೊನೆ ಕಾಣುವಷ್ಟು ಚಿಕ್ಕ ಪುಸ್ತಕ ಹಿಡಿಯಿರಿ. ಪೌಲನ ಫಿಲಿಪ್ಪಿ ಪತ್ರ 4 ಅಧ್ಯಾಯ, 104 ವಚನ, ಎಂಟು ವಾರದ ಲೆಕ್ಕ: 1:1–11, 1:12–30, 2:1–11, 2:12–30, 3:1–11, 3:12–4:1, 4:2–9, 4:10–23. ‘ಎಂಟೇ ವಾರ’ ಅಂದರೆ ಹೊಸಬರೂ ಒಪ್ಪುತ್ತಾರೆ.

60 ನಿಮಿಷದಲ್ಲಿ ಓದು 10, ಎರಡು ಸಲ, ಇಷ್ಟವಿದ್ದವರು ಮಾತ್ರ. ಸಾಲಾಗಿ ಓದಿಸಿದರೆ ಓದು ಬಾರದವರು ಮುಂದಿನ ವಾರ ಬರುವುದಿಲ್ಲ. ಚರ್ಚೆ 35. ಪ್ರಾರ್ಥನಾ ವಿಷಯ ಕೊನೆಗೆ 15ರೊಳಗೆ. ಮೊದಲೇ ಕೇಳಿದರೆ ಆಸ್ಪತ್ರೆ, ಕೋರ್ಟು, ಮದುವೆ ಸಂಬಂಧ ಅಂತ ಗಂಟೆಯೇ ಹೋಗುತ್ತದೆ. 12 ಜನ ದಾಟಿದರೆ ಎರಡು ಗುಂಪು ಮಾಡಿ.

ಕನ್ನಡ_ಸಭೆ:
ಧನ್ಯವಾದ. 11–15ರವರ ಮೊಬೈಲ್?

ಕಂಠಪಾಠ:
ಕಿತ್ತುಕೊಳ್ಳಬೇಡಿ, ಬಾಗಿಲ ಬಳಿ ಬುಟ್ಟಿ ಇಡಿ. ಟೀಚರ್ ಫೋನ್ ಮೊದಲು ಅದರಲ್ಲಿ ಬೀಳಲಿ. ಆಮೇಲೆ ಅವರಿಗೆ ಕೆಲಸ ಕೊಡಿ: ಐದನೇ ಭಾನುವಾರ ಬಂದಾಗ ಎಲ್ಲ ವಯಸ್ಸಿನವರೂ ಒಟ್ಟಿಗೆ ಕೂತು, ಯೇಸು ಬಿರುಗಾಳಿ ಅಡಗಿಸಿದ ಕಥೆಯನ್ನು (ಮಾರ್ಕ 4:35–41) ಈ ದೊಡ್ಡ ಮಕ್ಕಳೇ ಅಭಿನಯಿಸಲಿ. ದೋಣಿಗೆ ನಾಲ್ಕು ಬೆಂಚು, ಅಲೆಗೆ ಹಳೆಯ ಸೀರೆ ಎರಡು.