ಪದಚರ್ಚೆ: ಪತ್ರಾಗಾರ ಸರಿ, ಅದರೊಳಗಿನ ಕೆಲಸಗಳಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಕೆಲಸ ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಇತಿಹಾಸ ಓದುವ ಪದವಿ ಮಕ್ಕಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಬಗ್ಗೆ ನಾಲ್ಕು ಪುಟದ ಕೈಪಿಡಿ ಬರೆದುಕೊಡಬೇಕು. ಅಲ್ಲಿ ಹಳೆಯ ಕಾಗದಗಳನ್ನು ಹೇಗೆ ಜೋಪಾನ ಮಾಡುತ್ತಾರೆ, ಯಾರಿಗೆ ಹೇಗೆ ತೋರಿಸುತ್ತಾರೆ, ಇಷ್ಟೇ ವಿಷಯ. ನಾಲ್ಕೇ ಪುಟ ಅಲ್ವಾ, ಒಂದು ಭಾನುವಾರದ ಕೆಲಸ ಅಂದುಕೊಂಡೆ. ಮೂರು ಭಾನುವಾರ ಕಳೆದವು. ವಿಷಯ ಕಷ್ಟದ್ದಲ್ಲ, ಪದಗಳೇ ಕೈಕೊಡುತ್ತಿವೆ.

ಮೊದಲು ಆ ಹೆಸರನ್ನೇ ನೋಡಿ. ಪತ್ರಾಗಾರ ಅಂದಾಗ ನಮ್ಮ ಅಕ್ಕನ ಮಗ ‘ಅದು ಪೋಸ್ಟ್ ಆಫೀಸಾ ಮಾವ?’ ಅಂದ. ಅವನ ತಪ್ಪಲ್ಲ. ಈಗ ಪತ್ರ ಅಂದರೆ ಅಂಚೆಗೆ ಹಾಕುವ ಕಾಗದ. ಆಗಾರ ಅಂದರೆ ಮನೆ ಹೌದು, ಆದರೆ ದಿನದ ಮಾತಿನಲ್ಲಿ ಆ ಪದ ಹೆಚ್ಚಾಗಿ ಕಿವಿಗೆ ಬೀಳುವುದು ಕಾರಾಗಾರದಲ್ಲಿ. ಎರಡೂ ಸೇರಿದರೆ ಕಾಗದಗಳನ್ನು ಜೈಲಿಗೆ ಹಾಕಿದ ಹಾಗೆ ಕೇಳಿಸುತ್ತದೆ. (ಒಳಗೆ ಹೋದ ಕಡತ ಹೊರಗೆ ಬರಲು ಕಾಯಬೇಕಾದ ವರ್ಷಗಳನ್ನು ಲೆಕ್ಕ ಹಾಕಿದರೆ ಅದೂ ಪೂರ್ತಿ ಸುಳ್ಳಲ್ಲ.) ಇಲ್ಲಿನ ಪತ್ರ ನಿಜಕ್ಕೂ ಕ್ರಯಪತ್ರ, ಹಕ್ಕುಪತ್ರ, ದಾನಪತ್ರಗಳಲ್ಲಿರುವ ಪತ್ರ. ಹಾಗೆ ಬಿಡಿಸಿ ಹೇಳಿದ ಮೇಲೆ ಹುಡುಗ ಒಪ್ಪಿಕೊಂಡ. ನಮ್ಮ ರಾಜ್ಯದ ಇಲಾಖೆಯ ಹೆಸರಲ್ಲೂ ಪತ್ರಾಗಾರ ಅಂತಲೇ ಇದೆ. ಆದ್ದರಿಂದ ಹೆಸರನ್ನು ನಾನು ಮುಟ್ಟುವುದಿಲ್ಲ.

ಆದರೆ ಒಂದು ಗೊಂದಲ ಇದೆ. ಹಿಂದಿಯವರು ಅದೇ ದೆಹಲಿಯ ಸಂಸ್ಥೆಗೆ ರಾಷ್ಟ್ರೀಯ ಅಭಿಲೇಖಾಗಾರ ಅನ್ನುತ್ತಾರೆ. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ರೆಕಾರ್ಡ್ ರೂಮಿಗೆ ಅಭಿಲೇಖಾಲಯ ಅನ್ನುವುದುಂಟು. ಈಚೆಗೆ ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ಜಮೀನು ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿರುವುದು ಈ ಕೋಣೆಗಳಲ್ಲೇ. ಹಾಗಾದರೆ ಅಭಿಲೇಖಾಲಯ, ಪತ್ರಾಗಾರ ಎರಡೂ ಒಂದೇನಾ? ನನ್ನ ಪ್ರಕಾರ ಅಲ್ಲ. ಕಚೇರಿ ತನ್ನ ಕೆಲಸಕ್ಕೆ ಬೇಕು ಅಂತ ತನ್ನ ಹತ್ತಿರವೇ ಇಟ್ಟುಕೊಂಡಿದ್ದು ಅಭಿಲೇಖಾಲಯ. ಕಚೇರಿಯ ಕೆಲಸ ಮುಗಿದ ಮೇಲೆ, ಊರಿಗೆಲ್ಲ ಬೇಕಾಗಬಹುದು ಅಂತ ಬೇರೆ ಕಡೆ ತಂದು ಇಟ್ಟಿದ್ದು ಪತ್ರಾಗಾರ.

ದೆಹಲಿಯ ಸಂಸ್ಥೆ ಹುಟ್ಟಿದ್ದೂ ಹೀಗೆಯೇ. ಕಲ್ಕತ್ತೆಯಲ್ಲಿ ಒಂದೊಂದು ಇಲಾಖೆಯೂ ತನ್ನ ಹಳೆಯ ಕಾಗದವನ್ನು ತನ್ನ ಕೋಣೆಯಲ್ಲಿ ತುಂಬಿಕೊಂಡು ಕೂತಿತ್ತು. ಅವನ್ನೆಲ್ಲ ಒಂದು ಕಡೆ ಸೇರಿಸಲು 1891ರ ಮಾರ್ಚ್ 11ರಂದು ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಶುರುವಾಯಿತು. 1911ರಲ್ಲಿ ರಾಜಧಾನಿ ದೆಹಲಿಗೆ ಅಂತ ಆಯಿತು. 1926ರಲ್ಲಿ ಲ್ಯುಟೆನ್ಸ್ ವಿನ್ಯಾಸದ ಈಗಿನ ಕಟ್ಟಡ ಎದ್ದಿತು. ಸ್ವಾತಂತ್ರ್ಯ ಬಂದ ಮೇಲೆ ಹೆಸರಿನಲ್ಲಿದ್ದ ರೆಕಾರ್ಡ್ ಹೋಗಿ ಆರ್ಕೈವ್ಸ್ ಬಂತು. ಅಂದರೆ ಇಂಗ್ಲಿಷಿನಲ್ಲೂ ಪದ ಬದಲಾಗಿದೆ. ನಾವು ಒಂದು ಪದ ಹಿಡಿದು ಇಷ್ಟು ತಲೆ ಕೆಡಿಸಿಕೊಂಡರೆ ನಾಚಿಕೆಪಡಬೇಕಾಗಿಲ್ಲ.

ಈಗ ನನಗೆ ಜಾಸ್ತಿ ಖುಷಿ ಕೊಟ್ಟ ಪದಕ್ಕೆ ಬರುತ್ತೇನೆ. ಕಡತ. ಇವತ್ತು ಕಡತ ಅಂದರೆ ಟ್ಯಾಗ್ ಕಟ್ಟಿದ ಸರ್ಕಾರಿ ಫೈಲು. ಆದರೆ ಹಳೆಯ ಕಡತ ಕಾಗದದ್ದೇ ಅಲ್ಲ. ಅದು ಬಟ್ಟೆ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಕಪ್ಪಗೆ ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬಿಳಿ ಅಕ್ಷರ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ, ಮಠಗಳ ಲೆಕ್ಕ ಎಲ್ಲ ಅದರಲ್ಲೇ. ಶೃಂಗೇರಿ ಮಠದ ಕಡತಗಳ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಪದವೂ ಹಳೆಯದು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿ ಬರುತ್ತಾನೆ. ಕಡಿತ ಅಂದರೆ ಕಡತ. ವೆರ್ಗಡೆ ಅಂದರೆ ಪೆರ್ಗಡೆ, ಈಗಿನ ಹೆಗ್ಗಡೆ. ಕಡತಗಳ ಹೆಗ್ಗಡೆ!

ಇಂಗ್ಲಿಷಿನಲ್ಲಿ ಆರ್ಕಿವಿಸ್ಟ್ ಅನ್ನುವವರಿಗೆ ನಾನು ಮೂರು ವಾರದಿಂದ ‘ಪತ್ರಾಗಾರ ತಜ್ಞ’, ‘ಪತ್ರಪಾಲಕ’, ‘ದಾಖಲೆ ನಿರ್ವಾಹಕ’ ಅಂತ ಬರೆದು ಅಳಿಸುತ್ತಿದ್ದೇನೆ. ಸುಮಾರು ಒಂಬೈನೂರು ವರ್ಷದ ಹಿಂದೆ ಯಾರೋ ನಮಗೊಂದು ಪದ ಮಾಡಿ ಕಲ್ಲಿನಲ್ಲಿ ಕೊರೆದು ಇಟ್ಟಿದ್ದಾರೆ. ‘ಕಡತ ಹೆಗ್ಗಡೆ’ ಅಂತ ಬರೆದರೆ ನಗುತ್ತೀರಾ? ನಕ್ಕರೂ ಪರವಾಗಿಲ್ಲ, ಹೇಳಿ.

ದಾಖಲೆ ಎಂಬ ಪದದ ಪಾಡು ಬೇರೆ. ಅರಬ್ಬಿಯಿಂದ ಪಾರ್ಸಿಯ ದಾರಿಯಲ್ಲಿ ಬಂದಿದ್ದು, ಮೂಲ ಅರ್ಥ ‘ಒಳಗೆ ಹೋಗುವುದು’. ಅದಕ್ಕೇ ರೋಗಿಯೂ ಆಸ್ಪತ್ರೆಗೆ ದಾಖಲಾಗುತ್ತಾನೆ, ದೂರೂ ಠಾಣೆಯಲ್ಲಿ ದಾಖಲಾಗುತ್ತದೆ. ಜೊತೆಗೆ ಕ್ರಿಕೆಟ್ಟಿನ ದಾಖಲೆ ಬೇರೆ. ‘ಪತ್ರಾಗಾರದಲ್ಲಿ ದಾಖಲೆ ಮುರಿಯದಂತೆ ಎಚ್ಚರ ವಹಿಸುತ್ತಾರೆ’ ಅಂತ ಬರೆದು, ಓದಿ ನೋಡಿ, ನಾನೇ ನಕ್ಕು ಹೊಡೆದುಹಾಕಿದೆ. ಹಳೆಯ ಕಾಗದ ನಿಜಕ್ಕೂ ಮುರಿಯುತ್ತದೆ, ಹಪ್ಪಳದ ಹಾಗೆ. ಆದರೂ ಆ ವಾಕ್ಯ ಬೇಡ.

ವಿಲೇವಾರಿ ಇನ್ನೂ ಅಪಾಯದ ಪದ. ಕಚೇರಿಯವರಿಗೆ ‘ಕಡತ ವಿಲೇವಾರಿ’ ಅಂದರೆ ಕಡತದ ಮೇಲೆ ತೀರ್ಮಾನ ಕೊಟ್ಟು ಮುಗಿಸುವುದು. ಊರಿನವರಿಗೆ ವಿಲೇವಾರಿ ಅಂದರೆ ಕಸ ವಿಲೇವಾರಿ. ಪತ್ರಾಗಾರದ ಬಗ್ಗೆ ಬರೆಯುವಾಗ ಈ ಎರಡರ ನಡುವೆ ಬಿದ್ದರೆ ಅನರ್ಥ. ಯಾಕೆಂದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಡಬಹುದು ಅನ್ನುವುದೇ ಅವರ ಕೆಲಸದ ಮುಖ್ಯ ಭಾಗ. ಇದಕ್ಕೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. 25 ವರ್ಷ ದಾಟಿದ ಕಾಗದಗಳನ್ನು ಆಯಾ ಕಚೇರಿಯ ದಾಖಲೆ ಅಧಿಕಾರಿ ಪತ್ರಾಗಾರದವರ ಜೊತೆ ಕೂತು ನೋಡಬೇಕು. ಶಾಶ್ವತ ಬೆಲೆ ಇರುವುದನ್ನು ಉಳಿಸಬೇಕು. ಮನಸ್ಸಿಗೆ ಬಂದ ಹಾಗೆ ಸುಡುವಂತಿಲ್ಲ. 1892ಕ್ಕಿಂತ ಮೊದಲಿನದಾದರೆ, ಅದು ಯಾವ ಉಪಯೋಗಕ್ಕೂ ಬಾರದಷ್ಟು ಹಾಳಾಗಿದೆ ಅಂತ ಪತ್ರಾಗಾರದ ಮುಖ್ಯಸ್ಥರೇ ಹೇಳದ ಹೊರತು ನಾಶ ಮಾಡುವ ಹಾಗೇ ಇಲ್ಲ. ನಿಯಮ ಮೀರಿ ನಾಶ ಮಾಡಿದರೆ 5 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈ ಆಯ್ಕೆಯ ಕೆಲಸಕ್ಕೆ ಇಂಗ್ಲಿಷಿನಲ್ಲಿ ವೀಡಿಂಗ್ ಅನ್ನುತ್ತಾರೆ. ಕಳೆ ಕೀಳುವುದು ಅಂತ ಬರೆದೆ, ಹಿಡಿಸಲಿಲ್ಲ. ಕಳೆ ನಾವು ಬಿತ್ತಿದ್ದಲ್ಲ, ತಾನಾಗಿ ಬಂದಿದ್ದು. ಕಚೇರಿಯ ಕಾಗದ ಹಾಗಲ್ಲ. ಎಲ್ಲವೂ ಒಂದೇ ಗದ್ದೆಯ ಪೈರು, ಕೆಲವು ಕಾಳು ಕಟ್ಟಿವೆ, ಕೆಲವು ಜೊಳ್ಳು. ಹಾಗಾಗಿ ‘ಕೇರುವುದು’ ಅಂತ ಬರೆದಿದ್ದೇನೆ. ಮೊರ ಹಿಡಿದು ಜೊಳ್ಳು ಹಾರಿಸುವುದು. ಈಗಿನ ಮಕ್ಕಳಿಗೆ ಮೊರ ಗೊತ್ತಾ ಅನ್ನುವುದು ಬೇರೆ ಪ್ರಶ್ನೆ.

ಇನ್ನು ಸಂರಕ್ಷಣೆ. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಮೂರು ಪದ ಇವೆ, ಮೂರಕ್ಕೂ ನಾವು ಸಂರಕ್ಷಣೆ ಅಂತ ಬರೆದು ಕೈ ತೊಳೆದುಕೊಳ್ಳುತ್ತೇವೆ. ಆದರೆ ಒಂದು ಹಾಳಾಗದಂತೆ ನೋಡಿಕೊಳ್ಳುವುದು: ತೇವ, ಬಿಸಿಲು, ದೂಳು, ಹುಳ ತಾಗದ ಹಾಗೆ ಇಡುವುದು. ಇನ್ನೊಂದು ಹಾಳಾಗುತ್ತಿರುವುದನ್ನು ಅಲ್ಲಿಗೆ ತಡೆಯುವುದು. ಮತ್ತೊಂದು ಹರಿದಿದ್ದನ್ನು ಸರಿಪಡಿಸುವುದು. ನಮ್ಮ ಮನೆಮಾತಿನಲ್ಲಿ ಈ ಮೂರಕ್ಕೂ ಪದಗಳಿವೆ. ಜೋಪಾನ, ಉಪಚಾರ, ರಿಪೇರಿ. ಕೊನೆಯದಕ್ಕೆ ದುರಸ್ತಿ ಅಂದರೂ ನಡೆಯುತ್ತದೆ. ಕಾಗದವನ್ನು ಕಾಯಿಲೆಯವರಂತೆ ನೋಡಿದರೆ ಪದ ತಾನಾಗಿ ಬರುತ್ತದೆ.

ಉಪಚಾರದ ಒಂದು ಉದಾಹರಣೆ ಕೊಡುತ್ತೇನೆ. ಹಳೆಯ ಶಾಯಿಯನ್ನು ಮಾಚಿಕಾಯಿ ಮತ್ತು ಅನ್ನಭೇದಿ ಸೇರಿಸಿ ಮಾಡುತ್ತಿದ್ದರು. ಕಪ್ಪಗೆ, ಗಟ್ಟಿಯಾಗಿ ಕೂರುತ್ತದೆ. ಆದರೆ ವರ್ಷ ಕಳೆದ ಹಾಗೆ ಅದರೊಳಗಿನ ಆಮ್ಲ ಕಾಗದವನ್ನೇ ತಿನ್ನುತ್ತದೆ. ಅಕ್ಷರ ಇದ್ದ ಕಡೆ ತೂತು ಬಿದ್ದು, ಅಕ್ಷರವೇ ಉದುರಿಹೋಗುತ್ತದೆ. ಇದಕ್ಕೆ ಮದ್ದು ಆಮ್ಲವನ್ನು ತೆಗೆಯುವುದು. ಗ್ರಂಥಭಾಷೆಯಲ್ಲಿ ‘ನಿರಾಮ್ಲೀಕರಣ’. ಓದುವಾಗಲೇ ನಾಲಿಗೆ ತಡವರಿಸುತ್ತದೆ. ಒಂದು ಪದ್ಧತಿಯಲ್ಲಿ ಆ ಕಾಗದವನ್ನು ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಹಾಗಂದರೆ ತಿಳಿ ಸುಣ್ಣದ ನೀರು ಅಲ್ವಾ! ‘ಸುಣ್ಣದ ನೀರಿನಲ್ಲಿ ಕಾಗದದ ಹುಳಿ ತೆಗೆಯುತ್ತಾರೆ’ ಅಂತ ಬರೆದೆ. ಒಂದು ಸಾಲು, ಎಲ್ಲರಿಗೂ ಅರ್ಥವಾಗುತ್ತದೆ.

ರಿಪೇರಿಯ ವಿಷಯ ಬಂದರೆ ದೆಹಲಿಯ ಪತ್ರಾಗಾರದವರೇ ಒಂದು ಕೈಕೆಲಸದ ವಿಧಾನ ರೂಪಿಸಿದ್ದರು. ಜೀರ್ಣವಾದ ಹಾಳೆಯ ಎರಡೂ ಕಡೆ ಸೆಲ್ಯುಲೋಸ್ ಅಸಿಟೇಟಿನ ತೆಳು ಪೊರೆ, ಅದರ ಮೇಲೆ ಟಿಶ್ಯೂ ಕಾಗದ ಇಟ್ಟು, ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಸವರುವುದು. ಪೊರೆ ಮೆದುವಾಗಿ ಅಂಟಿಕೊಳ್ಳುತ್ತದೆ. ಯಂತ್ರ ಬೇಡ, ಕರೆಂಟೂ ಬೇಡ. ಈಗ ಈ ಕಸುಬಿನವರು ಸಾಮಾನ್ಯವಾಗಿ ಜಪಾನಿ ಟಿಶ್ಯೂ ಮತ್ತು ಗಂಜಿಯಂಥ ಅಂಟನ್ನೇ ಇಷ್ಟಪಡುತ್ತಾರೆ. ಕಾರಣ, ಇವತ್ತು ಅಂಟಿಸಿದ್ದನ್ನು ನಾಳೆ ಬಿಡಿಸಲು ಬರಬೇಕು. ಇದಕ್ಕೆ ಒಂದೇ ಪದ ಹುಡುಕುವುದನ್ನು ಬಿಟ್ಟೆ. ‘ಬಿಡಿಸಲು ಬರುವಂತೆ ಅಂಟಿಸುವುದು’ ಅಂತಲೇ ಇಟ್ಟಿದ್ದೇನೆ. ನಮ್ಮ ದೊಡ್ಡಪ್ಪ ಮನೆಯ ಕ್ರಯಪತ್ರಕ್ಕೆ ಸೆಲ್ಲೋಟೇಪ್ ಹಚ್ಚಿದ್ದರು. ಈಗ ಟೇಪು ಒಣಗಿ ಉದುರಿದೆ. ಅದರ ಕಂದು ಅಂಟು ಮಾತ್ರ ಅಕ್ಷರದ ಮೇಲೆ ಕೂತಿದೆ, ಏನು ಮಾಡಿದರೂ ಹೋಗುವುದಿಲ್ಲ.

ಇನ್ನೊಂದು ಪದಕ್ಕೆ ನಿಮ್ಮ ಅಭಿಪ್ರಾಯ ಬೇಕೇ ಬೇಕು. ಪತ್ರಾಗಾರದಲ್ಲಿ ಕಡತಗಳನ್ನು ಗ್ರಂಥಾಲಯದ ಹಾಗೆ ವಿಷಯವಾರು ಜೋಡಿಸುವುದಿಲ್ಲ. ಯಾವ ಕಚೇರಿಯಿಂದ ಬಂತೋ ಆ ಕಚೇರಿಯ ಗುಂಪಿನಲ್ಲೇ, ಅವರು ಇಟ್ಟ ಕ್ರಮದಲ್ಲೇ ಇಡುತ್ತಾರೆ. 1831ರಿಂದ 1881ರವರೆಗೆ ಮೈಸೂರಿನ ಆಡಳಿತ ಬ್ರಿಟಿಷರ ಕೈಯಲ್ಲಿದ್ದಾಗಿನ ಕಾಗದ ಬೇಕು ಅಂತ ದೆಹಲಿಗೆ ಹೋದವರು ‘ಮೈಸೂರು’ ಎಂಬ ಕಪಾಟು ಹುಡುಕಿದರೆ ಕೆಲಸ ಆಗುವುದಿಲ್ಲ. ಆಗಿನ ವಿದೇಶಾಂಗ ಇಲಾಖೆಯ ಕಾಗದ ತೆಗೆಸಬೇಕು. ಸಂಸ್ಥಾನಗಳ ವ್ಯವಹಾರ ನೋಡುತ್ತಿದ್ದುದು ಅದೇ ಇಲಾಖೆ. ನಮ್ಮ ಮೈಸೂರು ಅವರಿಗೆ ಫಾರಿನ್ನು! ಈ ಹುಟ್ಟಿಬಂದ ಕಚೇರಿಗೆ ನಾನು ‘ತವರು’ ಅಂತ ಬರೆದಿದ್ದೇನೆ. ‘ಈ ಕಡತದ ತವರು ವಿದೇಶಾಂಗ ಇಲಾಖೆ.’ ಪರಿಶೀಲಿಸಿದವರೊಬ್ಬರು ಇದು ಭಾವುಕವಾಯಿತು ಅಂದರು. ನನಗೆ ಹಾಗನ್ನಿಸುವುದಿಲ್ಲ. ಬೇರೆ ಮನೆ ಸೇರಿದ ಮೇಲೂ ತವರಿನ ಹೆಸರು ಜೊತೆಗೇ ಇರುತ್ತದಲ್ಲ, ಇಲ್ಲೂ ಅಷ್ಟೇ.

ತೋರಿಸುವ ಕಡೆಯ ಪದಗಳು ಬೇಗ ಮುಗಿದವು. ಗುಟ್ಟಿನ ಮುದ್ರೆ ಇಲ್ಲದ, 30 ವರ್ಷ ದಾಟಿ ಪತ್ರಾಗಾರ ಸೇರಿದ ಕಡತಗಳನ್ನು ಸಂಶೋಧಕರಿಗೆ ಕೊಡಬಹುದು ಅಂತ ಅದೇ ಕಾಯ್ದೆ ಹೇಳುತ್ತದೆ. ಗುಟ್ಟಿನ ಮುದ್ರೆ ತೆಗೆಯುವುದಕ್ಕೆ ‘ಬಹಿರಂಗ’ ಎಂಬ ಪದ ಓಡಾಡುತ್ತದೆ. 2016ರ ಜನವರಿ 23ರಂದು ನೇತಾಜಿಗೆ ಸಂಬಂಧಿಸಿದ 100 ಕಡತಗಳ ಡಿಜಿಟಲ್ ಪ್ರತಿಗಳನ್ನು ಅಲ್ಲೇ ಬಿಡುಗಡೆ ಮಾಡಿದಾಗಲೂ ಈ ಪದ ಬಂತು. ಬಹಿರಂಗ ಅಂದರೆ ಏನೋ ಹಗರಣ ಹೊರಬಿದ್ದ ಹಾಗಾಗುತ್ತದೆ. ‘ಮುದ್ರೆ ತೆಗೆದ ಕಡತ’ ಅನ್ನುವುದು ನನ್ನ ಸೂಚನೆ.

ಮನೆಯಲ್ಲೇ ಕೂತು ಹುಡುಕಲು ಅವರ ಜಾಲತಾಣ ಇದೆ. ಹೆಸರು ಅಭಿಲೇಖ್ ಪಟಲ್. ಈ ಪಟಲ್ ಇಂಗ್ಲಿಷ್ ಮಾತುಗಳ ಮೊದಲಕ್ಷರ ಸೇರಿಸಿ ಕಟ್ಟಿದ್ದು. ಕನ್ನಡದ ಕಿವಿಗೆ ಪಟಲ ಅಂದರೆ ಕಣ್ಣಿನ ಪೊರೆ. ಕಾಣಿಸುವ ಜಾಗಕ್ಕೆ ಮುಚ್ಚುವ ಹೆಸರು ಯಾಕೆ ಅಂತ ಮೊದಲು ಗೊಣಗಿದೆ. ಆಮೇಲೆ ಎರಡು ಮಾತು ನೆನಪಾದವು. ಒಂದು ನಮ್ಮದೇ ಸ್ಮೃತಿಪಟಲ. ಇನ್ನೊಂದು ಅರ್ಥಶಾಸ್ತ್ರದ ‘ಅಕ್ಷಪಟಲ’. ಕೌಟಿಲ್ಯ ಲೆಕ್ಕ ಮತ್ತು ದಾಖಲೆಗಳ ಕಚೇರಿಗೆ ಕೊಟ್ಟ ಹೆಸರು ಅದು. ಅದರ ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಬೇಕು, ಒಳಗೆ ದಾಖಲೆ ಪುಸ್ತಕಗಳಿಗೆ ಜಾಗ ಇರಬೇಕು ಅಂತಲೂ ಬರೆದಿದ್ದಾನೆ. ಗೊಣಗಿದ್ದನ್ನು ವಾಪಸು ತೆಗೆದುಕೊಂಡಿದ್ದೇನೆ.

ಉಳಿದಿರುವುದು ಒಂದು ಕ್ರಿಯಾಪದ. ಮೇಲ್‌ನಲ್ಲಿ ಆರ್ಕೈವ್ ಮಾಡು ಅನ್ನುತ್ತೇವಲ್ಲ, ಆ ಕೆಲಸಕ್ಕೆ. ‘ಪತ್ರಾಗಾರಕ್ಕೆ ಸೇರಿಸು’ ಉದ್ದವಾಯಿತು. ‘ಸಂಗ್ರಹಿಸು’ ಅಂದರೆ ಅಂಚೆಚೀಟಿ ಸಂಗ್ರಹಿಸಿದ ಹಾಗೆ. ‘ಕಡತಕ್ಕೆ ಹಾಕು’ ಅಂದರೆ ಮೂಲೆಗೆ ಹಾಕಿದ ಧ್ವನಿ. ‘ಕಾಪಿಡು’ ನನಗೆ ಇಷ್ಟ, ಆದರೆ ಗುಂಡಿಯ ಮೇಲೆ ಬರೆದರೆ ಕಾಪಿ ಮಾಡು ಅಂತ ಓದಿಬಿಡುತ್ತಾರೆ.

ಕೈಪಿಡಿ ಬರುವ ಸೋಮವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ತವರು, ಕೇರುವುದು, ಕಡತ ಹೆಗ್ಗಡೆ ಈ ಮೂರರ ಬಗ್ಗೆ ಹೌದು ಅಥವಾ ಬೇಡ ಅಂತಾದರೂ ಬರೆಯಿರಿ. ಶಾನುಭೋಗರ ಮನೆತನದವರು ಯಾರಾದರೂ ಇದ್ದರೆ ಇನ್ನೊಂದು ಮಾತು. ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದ ಲೆಕ್ಕದ ಗಂಟಿಗೆ ನಿಮ್ಮ ಅಜ್ಜ ಏನನ್ನುತ್ತಿದ್ದರು?